ಎಡಗಡೆಯ ಬ್ರೇಕು

ನನ್ನ ಕಾರಿಗೆ ಎರಡು ಬ್ರೇಕು.
ಒಂದು ಕಲಿಯುವವರಿಗೆ, ಇನ್ನೊಂದು
ಅವರು ಮರೆತಾಗ ನನಗೆ.
ಇಪ್ಪತ್ತೆಂಟು ವರ್ಷ ಎಡಗಡೆ ಕೂತು
ಅರ್ಧ ದಾವಣಗೆರೆಗೆ ಸ್ಟೇರಿಂಗು ಹಿಡಿಸಿದ್ದೇನೆ:
ಗುಂಡಿ ಸರ್ಕಲ್ಲಿನ ನಟ್ಟನಡುವೆ ಅತ್ತುಬಿಟ್ಟ ಲೆಕ್ಚರರಮ್ಮ,
ರಿವರ್ಸ್ ಎಂದರೆ ತಾನೇ ಹಿಂದಕ್ಕೆ ವಾಲುತ್ತಿದ್ದ ಜವಳಿ ಸಾಹುಕಾರ.
ಎಲ್ಲರಿಗೂ ಒಂದೇ ಮಾತು:
"ಓಡ್ಸೋದು ನಾಕು ದಿನದಾಗ ಬರ್ತೈತಿ,
ನಿಲ್ಸೋದು ಕಲೀರಿ."

ಮೊದಲು ಕೈ ಹೇಳಿತು.
ಸುಮ್ಮನೆ ತೊಡೆಯ ಮೇಲಿದ್ದ ಬಲಗೈ ಹೆಬ್ಬೆರಳು
ಇಲ್ಲದ ನೋಟು ಎಣಿಸುತ್ತಿತ್ತು.
ಏನಾದರೂ ಹಿಡಿದರೆ ನಿಲ್ಲುತ್ತಿತ್ತು, ಅದಕ್ಕೇ
ಏನಾದರೂ ಹಿಡಿದೇ ಇರುತ್ತಿದ್ದೆ:
ಕೀಲಿಗೊಂಚಲು, ಒರೆಸುವ ಬಟ್ಟೆ, ಚಹಾದ ಖಾಲಿ ಲೋಟ.
ಹಾಜರಿ ಪುಸ್ತಕದಲ್ಲಿ ನನ್ನ ಸಹಿ
ಪುಟ ಕಳೆದಂತೆ ಇರುವೆಯಾಯಿತು.
ಒಂದು ದಿನ ಕ್ಲಚ್ ಪ್ಲೇಟು ಸುಟ್ಟ ವಾಸನೆ
ಹಿಂದೆ ಕೂತ ಹುಡುಗನಿಗೆ ಬಂತು,
ನನಗೆ ಬರಲಿಲ್ಲ.

ಡಾಕ್ಟರು ರೋಗದ ಹೆಸರು ಹೇಳಿದರು.
"ಪಾರ್ಕಿಂಗ್ ಕಾಯಿಲೇನಾ?" ಅಂದಳು ಕೊಟ್ರಮ್ಮ,
"ಹಂಗಾರೆ ನಿಮಗ ಸರಿಯಾಗೇತಿ ಬಿಡ್ರಿ."
ನಕ್ಕೆವು. ನನ್ನ ನಗು
ಮುಖದವರೆಗೆ ಬಂದಿತೋ ಇಲ್ಲವೋ.

ಮಾತ್ರೆ ನುಂಗಿ ಮುಕ್ಕಾಲು ಗಂಟೆಗೆ
ನಾನು ಮೊದಲಿನ ಹಾಲೇಶಿ.
ಎರಡೂವರೆ ತಾಸು ಹಾಗೇ.
ಆಮೇಲೆ ಕೀಲುಗಳ ಎಣ್ಣೆ ಬತ್ತುತ್ತದೆ.
ಆ ಎರಡೂವರೆ ತಾಸಿಗೇ ಕ್ಲಾಸು ಹೊಂದಿಸಿದೆ.
ಕತ್ತಲಾದ ಮೇಲೆ ಬೇಡ, ಹೈವೇ ಬೇಡ,
ಸಂತೆ ದಿನ ಬೇಡ, ಅಶೋಕ ಟಾಕೀಸಿನ ರೈಲ್ವೆ ಗೇಟು ಬೇಡವೇ ಬೇಡ.
ಊರು ಮಡಚಿಕೊಳ್ಳುತ್ತ ಬಂದು
ಕೊನೆಗೆ ಉಳಿದದ್ದು ಕುಂದವಾಡ ಕೆರೆ ಕಡೆಯ ಒಂದು ರಸ್ತೆ,
ಬೆಳಿಗ್ಗೆ ಏಳರಿಂದ ಎಂಟೂವರೆ.
ಇದು ಜಾಗ್ರತೆ ಅಂದುಕೊಂಡೆ.
ಜಾಗ್ರತೆಯೇ ಹೌದು,
ಅಷ್ಟು ದಿನದ ಮಟ್ಟಿಗೆ.

ನಗೀನಾ, ಮಂಡಕ್ಕಿ ಭಟ್ಟಿಯ ಹುಡುಗಿ.
ಅಪ್ಪನ ಛೋಟಾ ಹಾಥಿಗೆ ಚೀಲ ಹೇರಿಕೊಂಡು
ಹರಿಹರಕ್ಕೆ ತಾನೇ ಹೋಗಬೇಕಂತೆ.
ಹನ್ನೊಂದನೇ ದಿನ, ತಿರುವು ದಾಟುತ್ತಲೇ
ಹುಲ್ಲಿನ ಹೊರೆ ಹೇರಿದ ಟಿವಿಎಸ್ಸೊಂದು
ಅತ್ತಿತ್ತ ನೋಡದೆ ಅಡ್ಡ ಬಂತು.

ಒತ್ತು, ಅಂದೆ ಕಾಲಿಗೆ.
ಕಾಲು ಕೇಳಿಸಿಕೊಂಡಿತು.
ಕೇಳಿಸಿಕೊಂಡು, ಬೂಟಿನೊಳಗೆ
ಏನೋ ಯೋಚಿಸುತ್ತ ಕೂತಿತು.

ಕಾರು ನಿಂತಿತ್ತು.
ಬಾನೆಟ್ಟಿನ ಮೇಲೆ ಒಂದೆರಡು ಹುಲ್ಲೆಸಳು.
ಅಷ್ಟಾದ ಮೇಲೆ ನನ್ನ ಪಾದ ಪೆಡಲಿಗೆ ಬಂತು,
ಊಟವೆಲ್ಲ ಮುಗಿದ ಮೇಲೆ ಬಂದ ನೆಂಟನ ಹಾಗೆ.

"ನೀವ್ ಬ್ರೇಕ್ ಒತ್ತಿದ್ದಕ್ಕೆ ಬಚಾವಾದ್ವಿ ಸರ್"
ಅಂದಳು, ತುಟಿ ಒಣಗಿತ್ತು.

ನನ್ನ ಮುಖದ ಮೇಲೆ ಈಗ ಏನೂ ಕಾಣುವುದಿಲ್ಲ,
ಕಾಯಿಲೆ ಪರದೆ ಎಳೆದಿದೆ.
ಸುಳ್ಳಿಗೆ ಇಷ್ಟು ಅನುಕೂಲದ ಮುಖ
ನನಗೆ ಹಿಂದೆಂದೂ ಇರಲಿಲ್ಲ.
ಸುಮ್ಮನಿದ್ದರೂ ಸಾಕಿತ್ತು.
ಏರಿಯ ಮೇಲೆ ವಾಕಿಂಗಿನವರು ನಿಂತು ನೋಡಿ
ಮತ್ತೆ ನಡೆಯತೊಡಗಿದರು.

"ಒತ್ತಿದ್ದು ನೀನೇ" ಅಂದೆ.
ದನಿ ಎಂಜಿನ್ನಿಗಿಂತ ಸಣ್ಣದು, ಅವಳಿಗೆ ಕೇಳಿಸಲಿಲ್ಲ.
ಇನ್ನೊಮ್ಮೆ ಹೇಳಬೇಕಾಯಿತು.
ಎರಡನೇ ಸಲ ಹೇಳುವುದು
ಮೊದಲ ಸಲದಷ್ಟು ಸುಲಭವಲ್ಲ.

"ಊರೊಳಗ ಹೋಗು. ಗೇಟಿನ ಮ್ಯಾಗಿಂದ."
ಗೇಟು ಬಿದ್ದಿತ್ತು. ಎಷ್ಟು ತಿಂಗಳಾಗಿತ್ತು
ಈ ಹಾರನ್ನು, ಈ ಆಟೋ, ಕಂಬಿಯ ಕೆಳಗೆ ನುಸುಳುವ
ಈ ಸೈಕಲ್ಲುಗಳನ್ನು ನೋಡಿ!
ಹೇಳದೆಯೇ ಅವಳು ಎಂಜಿನ್ ಆರಿಸಿದಳು.

ಕೈಗೆ ಏನನ್ನೂ ಹಿಡಿಸಲಿಲ್ಲ ನಾನು.
ಬೆರಳು ತನ್ನ ನೋಟು ಎಣಿಸಿಕೊಂಡಿತು.
ಅವಳು ನೋಡಿದಳು, ಆಮೇಲೆ
ಗೂಡ್ಸಿನ ಡಬ್ಬಿಗಳ ಕಡೆ ತಿರುಗಿದಳು.

ನಾನು ಎರಡೂ ಪಾದ ಹಿಂದಕ್ಕೆಳೆದು
ಸೀಟಿನ ಕೆಳಗಿಟ್ಟುಕೊಂಡೆ,
ಬಸ್ಸಿನಲ್ಲಿ ಟಿಕೇಟು ತಗೊಂಡು ಕೂತವರು
ಇಟ್ಟುಕೊಳ್ಳುವ ಹಾಗೆ.